ಐವತ್ತೆರಡು ಎಲೆಗಳು

“ಕೋಟು ಬಿಚ್ಚೋ ವೆರ್ನನ್, ಒಲೆ ಹಂಗೆ ಉರೀತಿದೆ,” ಎಂದ ಡ್ವೇನ್.

“ನಂಗೆ ಚಳಿ,” ಎಂದ ವೆರ್ನನ್ ಪ್ಯಾಸ್ಕೋ. ಅವನ ಹಣೆಯ ಮೇಲೆ ಬೆವರಿತ್ತು.

ಹಾರ್ಕರ್ ಗಲ್ಚ್‌ನ ಪುರಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊರಗೆ ಮೊಳಕಾಲುದ್ದ ಹಿಮ, ಒಳಗೆ ಒದ್ದೆ ಉಣ್ಣೆಯ ವಾಸನೆ. ಮೇಯರ್ ಚುನಾವಣೆಯಲ್ಲಿ ಇಬ್ಬರಿಗೂ ನೂರ ನಲವತ್ತಮೂರು ಮತ ಬಿದ್ದಿತ್ತು. ಹೆಂಡದಂಗಡಿಯ ಡ್ವೇನ್ ಗೆದ್ದರೆ ಊರಿಗೆ ಕ್ಯಾಸಿನೊ ಬರುತ್ತದೆ. ವೆರ್ನನ್ ಗೆದ್ದರೆ ಇಲ್ಲ. ಮತ ಸಮವಾದರೆ ಇಸ್ಪೀಟೆಲೆ ಎಳೆದು ತೀರ್ಮಾನಿಸಬೇಕು, ಎಕ್ಕವೇ ಎಲ್ಲಕ್ಕಿಂತ ದೊಡ್ಡದು. ಇದು ಚಿನ್ನದ ಗಣಿಯ ಕಾಲದಿಂದ ನಡೆದುಬಂದ ಕಟ್ಟಳೆ.

ಜೂಜು ಬೇಡವೆಂದು ಮನೆಮನೆ ಅಲೆದವನು ಈಗ ಜೂಜಾಡಿಯೇ ಗೆಲ್ಲಬೇಕಿತ್ತು.

ಗೆಲ್ಲದಿದ್ದರೆ ಏನಾಗುತ್ತದೆಂದು ವೆರ್ನನ್‌ಗೆ ಗೊತ್ತು. ಕ್ಯಾಸಿನೊ ಹೊಕ್ಕ ಬೆಟ್ಟದೂರುಗಳನ್ನು ಅವನು ಕಣ್ಣಾರೆ ಕಂಡಿದ್ದ. ಅಲ್ಲಿ ಕ್ಷೌರದಂಗಡಿ ಇಲ್ಲ, ಬ್ರೆಡ್ಡಿನಂಗಡಿ ಇಲ್ಲ, ಒಂದು ಮೊಳೆ ಬೇಕೆಂದರೂ ಇಲ್ಲ. ಹೆದ್ದಾರಿಗೆ ಬಾಗಿಲು ತೆರೆದು ನಿಂತ ಅವನ ಕಬ್ಬಿಣದಂಗಡಿ ತಾತ ಕಟ್ಟಿಸಿದ್ದು. ಚಳಿಗಾಲಕ್ಕೆ ಮುಂಚೆ ಇಬ್ಬರು ಬಂದು ರಸ್ತೆಯ ನಡುವಿನಿಂದ ಅವನ ಹೊಸ್ತಿಲವರೆಗೆ ಟೇಪು ಹಿಡಿದು ಅಳೆದು ಬರೆದುಕೊಂಡು ಹೋಗಿದ್ದರು. ಪಕ್ಕದಲ್ಲಿ ನಿಂತವನು ಕ್ಯಾಲೊವೇ, ಕ್ಯಾಸಿನೊ ಪರವಾಗಿ ಪ್ರಚಾರ ಮಾಡಲು ನಗರದಿಂದ ಬಂದವನು.

“ಈ ತಗಡಿನ ಡಬ್ಬಿ ಮೊದ್ಲು ಹೋಗತ್ತೆ,” ಎಂದಿದ್ದ ಕ್ಯಾಲೊವೇ. ವೆರ್ನನ್ ಕೈಗೆ ಸುತ್ತಿಗೆ ಎತ್ತಿಕೊಂಡಿದ್ದ. ಹೆಂಡತಿ ಲೋರ್ನಾ ತಡೆಯದಿದ್ದರೆ ಅವತ್ತೇ ಒಂದು ಹೆಣ ಬೀಳುತ್ತಿತ್ತು.

ಕ್ಯಾಲೊವೇ ಬಂದಾಗ ಊರಿನ ಮುಕ್ಕಾಲು ಪಾಲು ಜನ ಕ್ಯಾಸಿನೊ ಬೇಕೆನ್ನುತ್ತಿದ್ದರು. ಅವನ ಬಾಯೇ ಅದನ್ನು ಕೆಡಿಸಿತು. ಚರ್ಚಿನ ಬಾಗಿಲಿಗೆ ಅಡ್ಡವಾಗಿ ಕಾರು ನಿಲ್ಲಿಸಿದ. ಗಣಿಯವರ ಮಾಂಸದ ಕಡುಬನ್ನು ನಾಯಿಯೂ ಮೂಸದು ಎಂದ. ಸುರಂಗದಲ್ಲಿ ಸತ್ತವರನ್ನು ಹೆಗ್ಗಣ ಎಂದ. ಅವನು ಬಾಯಿ ತೆರೆದಾಗಲೆಲ್ಲ ವೆರ್ನನ್‌ಗೆ ಹತ್ತು ಮತ ಹೆಚ್ಚಿತು.

ಎಲೆಯ ಕಟ್ಟು ಕೊಟ್ಟವನೂ ಕ್ಯಾಲೊವೇಯೇ. ಯಾವ ಪೆಟ್ರೋಲ್ ಬಂಕಿನಲ್ಲೂ ಸಿಗುವ ಕೆಂಪು ಬೆನ್ನಿನ ಕಟ್ಟು. ಎಲ್ಲರೂ ನೋಡಲೆಂದು ನಾಲ್ಕು ದಿನದಿಂದ ಪುರಭವನದ ಕಿಟಕಿಯಲ್ಲಿ ಮೊಹರು ಸಮೇತ ಇಟ್ಟಿದ್ದ.

“ಅವನ ಕಟ್ಟು, ಅವನ ಮೋಸ,” ಎಂದು ವೆರ್ನನ್ ನಾಲ್ಕು ರಾತ್ರಿ ಹೊರಳಾಡಿದ್ದ.

“ನಿನ್ನೆ ಮೊಳೆ ತರ್ತೀನಿ ಅಂತ ನಗರಕ್ಕೆ ಹೋಗಿ ಬರಿಗೈಲಿ ಬಂದ್ಯಲ್ಲ,” ಎಂದಿದ್ದಳು ಲೋರ್ನಾ, ಬೆಳಿಗ್ಗೆ ಅವನಪ್ಪನ ಅಗಲ ತೋಳಿನ ಕೋಟನ್ನು ಝಾಡಿಸುತ್ತ. “ತಲೆ ಎಲ್ಲಿಟ್ಟಿದ್ದೀಯ ಮಾರಾಯ?”

ಈಗ ಊರಿನ ಗುಮಾಸ್ತೆ ಮಿಸ್ ಓಪಲ್ ಮೊಹರು ಒಡೆದಳು. ಕಲಸಿದಳು. ಹಸಿರು ಬಟ್ಟೆಯ ಮೇಲೆ ಬೆನ್ನು ಮೇಲಾಗಿ ಹರಡಿದಳು.

“ಇಬ್ರೂ ತೋಳು ಮಡಚೋಣ,” ಎಂದ ಡ್ವೇನ್.

“ಬಿಡ್ರೀ,” ಎಂದು ನಕ್ಕ ಕ್ಯಾಲೊವೇ. “ಪ್ಯಾಸ್ಕೋ ಅವರಂಥ ಪ್ರಾಮಾಣಿಕರಿಗೆ ಅವಮಾನ ಮಾಡಬಾರ್ದು.”

ಅವನು ಮರ್ಯಾದೆ ಕೊಟ್ಟು ಮಾತಾಡಿದ್ದು ಅದೇ ಮೊದಲು. ವೆರ್ನನ್ ಕೋಟಿನ ತೋಳನ್ನು ಮಣಿಕಟ್ಟಿಗೆ ಸರಿಸಿಕೊಂಡ.

“ನೀನೇ ಮೊದ್ಲು ಎಳಿ,” ಎಂದ ಡ್ವೇನ್‌ಗೆ.

ಡ್ವೇನ್ ಎಳೆದ. ಕಳಾವರ್ ರಾಜ. ಅರ್ಧ ಸಭೆ ಕೇಕೆ ಹಾಕಿತು.

ವೆರ್ನನ್ ಕೈ ಚಾಚಿದ. ಕೈ ಎಲೆಗಳ ಮೇಲೆ ಒಂದು ಗಳಿಗೆ ತೇಲಿತು. ತುಟಿ ಅಲುಗಿತು. ಲೋರ್ನಾ ತಾನೂ ಕಣ್ಣು ಮುಚ್ಚಿ ಪ್ರಾರ್ಥಿಸಿದಳು. ಅವನು ಎಲೆ ಎತ್ತಿ ತಿರುಗಿಸಿದ.

ಆಟಿನ್ ಎಕ್ಕ.

ಛಾವಣಿ ಹಾರಿಹೋಗುವಂತೆ ಕೂಗೆದ್ದಿತು. ಟೋಪಿಗಳು ಹಾರಿದವು. “ಎಣಿಸಿ!” ಎಂದು ಡ್ವೇನ್ ಮೇಜು ಗುದ್ದಿದ. “ಒಂದೊಂದೂ ಎಲೆ ಎಣಿಸಿ!”

ಮಿಸ್ ಓಪಲ್ ಕೈ ಹಾಕುವ ಮೊದಲೇ ಕ್ಯಾಲೊವೇ ಎಲೆಗಳನ್ನು ತನ್ನತ್ತ ಬಾಚಿಕೊಂಡ. “ನನ್ನ ಕಟ್ಟು. ನಾನೇ ಎಣಿಸ್ತೀನಿ.”

ವೆರ್ನನ್ ಮೇಜಿನ ಅಂಚು ಹಿಡಿದುಕೊಂಡ.

ಎಳೆದ ಎರಡೆಲೆಯನ್ನೂ ಸೇರಿಸಿ ಕ್ಯಾಲೊವೇ ಗಟ್ಟಿಯಾಗಿ ಎಣಿಸಿದ. “...ಐವತ್ತು, ಐವತ್ತೊಂದು, ಐವತ್ತೆರಡು. ಸರಿಯಾಗಿದೆ. ನಾವು ಸೋತ್ವಿ.”

ವೆರ್ನನ್ ಕುಸಿದು ಕುರ್ಚಿಯಲ್ಲಿ ಕುಳಿತ.

“ನೋಡಿ, ಗೆದ್ದ ಸಂತೋಷಕ್ಕೆ ಕಾಲೇ ನಿಲ್ತಿಲ್ಲ,” ಎಂದು ಲೋರ್ನಾ ನಕ್ಕಳು, ಅತ್ತಳು.

ಆ ಎಕ್ಕಕ್ಕೆ ಚರ್ಚಿನವರು ಗಾಜಿನ ಚೌಕಟ್ಟು ಹಾಕಿಸಿ ಕಬ್ಬಿಣದಂಗಡಿಯ ಗೋಡೆಗೆ ತೂಗುಹಾಕಿದರು. ಕೆಳಗೆ ‘ದೇವರ ಕೈ’ ಎಂದು ಬರೆಸಿದರು. ವೆರ್ನನ್ ಅದಕ್ಕೆ ಬೆನ್ನು ಮಾಡಿಯೇ ಕೂರುತ್ತಿದ್ದ.

ಹಿಮ ಕರಗಿದ ವಾರ ಕ್ಯಾಲೊವೇ ಅಂಗಡಿಗೆ ಬಂದ. ಟೋಪಿ ತೆಗೆದ. ಗಲ್ಲಾಪೆಟ್ಟಿಗೆಯ ಮೇಲೆ ಒಂದು ನಕ್ಷೆ ಹರಡಿದ.

“ಕಣಿವೆಯಾಚೆ ಬೆಲ್‌ಫೋರ್ಕ್‌ನಲ್ಲಿ ನಮ್ಮ ಕ್ಯಾಸಿನೊ ಏಳ್ತಿದೆ, ಮೇಯರ್ರೇ. ನಗರದ ಜನ ನಿಮ್ಮೂರು ದಾಟೇ ಅಲ್ಲಿಗೆ ಬರ್ಬೇಕು. ಇಲ್ಲೊಂದು ಕ್ಯಾಸಿನೊ ಇದ್ದಿದ್ರೆ ಅಲ್ಲಿವರೆಗೂ ಯಾವ ನರಪಿಳ್ಳೆ ಬರ್ತಿತ್ತು? ಇನ್ನು ರಸ್ತೆ ಅಗಲ ಆಗ್ಬೇಕು, ಅಷ್ಟೇ. ನಿಮ್ಮದೊಂದು ಸಹಿ.”

ನಕ್ಷೆಯ ಕೆಂಪು ಗೆರೆ ಅಂಗಡಿಯ ನಡುವೆಯೇ ಹಾದುಹೋಗಿತ್ತು. ಟೇಪು ಹಿಡಿದವರು ಅಳೆದದ್ದು ಏನನ್ನು ಎಂದು ವೆರ್ನನ್‌ಗೆ ಈಗ ತಿಳಿಯಿತು.

“ಆಚೆ ನಡಿಯೋ!” ಅವನು ಸುತ್ತಿಗೆಗೆ ಕೈ ಹಾಕಿದ. “ರಸ್ತೆ ಬೇಕಾದ್ರೆ ನನ್ನ ಹೆಣದ ಮೇಲೆ ಹಾಕ್ಕೋ!”

ಕ್ಯಾಲೊವೇ ಕದಲಲಿಲ್ಲ. ಗೋಡೆಯ ಮೇಲಿನ ಚೌಕಟ್ಟನ್ನು ನಿಧಾನವಾಗಿ ನೋಡಿದ. ಆಮೇಲೆ ಜೇಬಿನಿಂದ ಕೆಂಪು ಬೆನ್ನಿನ ಒಂದು ಎಲೆ ತೆಗೆದ.

“ಅವತ್ತು ಕಟ್ಟಲ್ಲಿ ಐವತ್ಮೂರಿತ್ತು,” ಎಂದು, ಸಹಿ ಹಾಕಬೇಕಾದ ಜಾಗದ ಪಕ್ಕದಲ್ಲೇ ಅದನ್ನು ಮಗುಚಿಟ್ಟ.

ಅದೂ ಆಟಿನ್ ಎಕ್ಕ.