ಹೆಪ್ಪಿನ ಬಟ್ಟಲು

ದೇಶದ ಮನೆಗಳೆಲ್ಲ ದಿನವೂ ನಸುಕಿನಲ್ಲಿ ಜಾಗ ಬದಲಿಸತೊಡಗಿದ ಮೊದಲ ವಾರವೇ ಕೊಟ್ರಮ್ಮ ತವರಿನ ಸ್ಟೀಲ್ ಬಟ್ಟಲು ಕಳೆದುಕೊಂಡಿದ್ದಳು. ತಪ್ಪು ಅವಳದೇ. ಪಕ್ಕದ ಮನೆಯ ಪಂಜಾಬಿನವಳಿಗೆ ಬಟ್ಟಲು ಕೊಟ್ಟು, "ಹೆಪ್ಪಿಗೆ ಒಂಚೂರು ಮೊಸರು ಬೇಕಿತ್ರಿ, ಅವಸರಿಲ್ಲ, ನಾಳೆ ಕೊಡ್ರಿ" ಅಂದಿದ್ದಳು. ಬೆಳಗಾದರೆ ಪಕ್ಕದಲ್ಲಿ ಕೇರಳದವರು ತೆಂಗಿನಕಾಯಿ ತುರಿಯುತ್ತಿದ್ದರು.

ಒಂಬತ್ತು ವರ್ಷದ ಮೇಲೆ ಇವತ್ತು ಬಾಗಿಲು ತೆರೆದರೆ, ಈ ದಿನದ ನೆರೆಯವನಾದ ನಾಗಾಲ್ಯಾಂಡಿನ ಮುದುಕ ಅದೇ ಬಟ್ಟಲು ಹಿಡಿದು ನಿಂತಿದ್ದ. ಬಟ್ಟಲಿನ ಮೇಲೆ ಕೊರೆದ ಕೊಟ್ರಮ್ಮನ ಹೆಸರನ್ನು ಬಾಗಿಲ ಹಲಗೆಯ ಹೆಸರಿನೊಂದಿಗೆ ಒಂದೊಂದೇ ಅಕ್ಷರ ತಾಳೆ ನೋಡುತ್ತಿದ್ದ. ಬಟ್ಟಲ ತುಂಬ ಕಳಲೆಯ ಉಪ್ಪಿನಕಾಯಿ.

"ಬಟ್ಟಲ ಬಂದ್ರೂ ಹೆಪ್ಪಿಲ್ಲೇನ್ರಿ ಅತ್ತಿ?" ಒಳಗಿನಿಂದ ಸೊಸೆ ಇಣುಕಿದಳು.

"ಎಷ್ಟು ಮನಿ ದಾಟಿ ಬಂದೈತೋ. ನಾ ಕೇಳಿದ್ದು ಏನಂತ ಯಾರಿಗೂ ನೆನಪಿಲ್ಲ. ಬಟ್ಟಲ ಖಾಲಿ ಕೊಡಬಾರದು ಅನ್ನೋದು ಮಾತ್ರ ಎಲ್ಲಾರಿಗೂ ಗೊತ್ತೈತಿ."

ಕೊಟ್ರಮ್ಮ ಉಪ್ಪಿನಕಾಯಿ ತೆಗೆದಿಟ್ಟು ಬಟ್ಟಲು ತೊಳೆದಳು. ಕಪಾಟಿನತ್ತ ನಡೆದವಳು ತಡೆದು ನಿಂತಳು. ಒಲೆಯ ಮೇಲಿನ ಹಾಲು ತೋರಿಸಿ, ಬಟ್ಟಲನ್ನು ಮುದುಕನ ಮುಂದೆ ಹಿಡಿದಳು.

ಮುದುಕ ಎಲ್ಲ ಅರ್ಥವಾದವನಂತೆ ತಲೆಯಾಡಿಸಿ ಬಟ್ಟಲು ತೆಗೆದುಕೊಂಡ. ಹೋಗುತ್ತ ತನ್ನ ಭಾಷೆಯಲ್ಲಿ ಏನೋ ಅಂದ. ನಾಳೆ ಎಂದೇ ಇರಬೇಕು.