ಸೊಟ್ಟ ಕಿವಿಯ ಕುದುರೆ

“ಅಲ್ಲ ಕಣೇ, ನನ್ನ ಹೆಬ್ಬೆಟ್ಟು ಸುಟ್ಟುಹೋಗಿರೋದಕ್ಕೆ ನನ್ನ ಕುದುರೆಗಳ ಎಡಗಿವಿ ಸೊಟ್ಟ. ನಿನ್ನ ಹೆಬ್ಬೆಟ್ಟಿಗೇನು ಬಂದಿದೆ ರೋಗ?”

ಓಲಿಂದೊ ಮೇಸ್ತ್ರಿ ಶಿಷ್ಯೆ ಫ್ಲೋರಿಯಾನ ಮಾಡಿದ ಗಾಜಿನ ಕುದುರೆಯನ್ನು ಬೆಳಕಿಗೆ ಹಿಡಿದು ಹೀಗೆ ಕೇಳಿದಾಗ ಕುಲುಮೆಮನೆಗೆ ಕುಲುಮೆಮನೆಯೇ ನಕ್ಕಿತು. ಫ್ಲೋರಿಯಾನಳಿಗೂ ನಗು ಬಂತು, ಹಿಂದೆಯೇ ಮುಖ ಕೆಂಪಾಯಿತು. ಮುರಾನೊ ದ್ವೀಪದಲ್ಲಿ ಗಾಜಿನ ಕೆಲಸ ಕಲಿಯುವವರೆಲ್ಲ ಮೊದಲು ಕುದುರೆ ಮಾಡಲೇಬೇಕು. ಮೇಸ್ತ್ರಿಯ ಕೈಯನ್ನು ಅವಳು ಎಷ್ಟು ನಿಗಾ ಕೊಟ್ಟು ನೋಡಿದ್ದಳೆಂದರೆ, ಅವರ ಊನವೂ ಅವಳ ಕೈಗೆ ಇಳಿದುಬಿಟ್ಟಿತ್ತು.

“ಇವತ್ತು ನಿಂದೇ ಅಂತ ಏನಾದ್ರೂ ಒಂದು ಮಾಡು. ಒಪ್ಪಿಗೆಯಾದ್ರೆ ಸೋಮವಾರದಿಂದ ಕೂತು ಕೆಲಸ ಮಾಡೋಕೆ ನಿನಗೇ ಒಂದು ಪೀಠ. ಇಲ್ಲಾಂದ್ರೆ ಮತ್ತೆ ನನಗೆ ಹಲಗೆ ಹಿಡಿ.”

ಕಾದ ಗಾಜಿನ ಝಳ ಮೇಸ್ತ್ರಿಯ ಕೈಗೆ ತಾಗದಂತೆ ಒದ್ದೆ ಹಲಗೆ ಅಡ್ಡ ಹಿಡಿಯುವುದು ಶಿಷ್ಯರ ಪಾಲಿನ ಕೆಲಸ. ಫ್ಲೋರಿಯಾನಳಿಗೆ ಹಿಡಿದೂ ಹಿಡಿದೂ ಸಾಕಾಗಿತ್ತು. ಅವಳು ಸೀಮೆಸುಣ್ಣ ತೆಗೆದುಕೊಂಡು, ಮೇಸ್ತ್ರಿಗಳು ಮಾಡುವಂತೆಯೇ, ನೆಲದ ಮೇಲೆ ಚಿತ್ರ ಬರೆದಳು.

“ಕಡಲಹಕ್ಕೀನಾ?” ಜೊತೆಗಾರ ತುಲ್ಲಿಯೊ ಹಲ್ಲು ಕಿರಿದ. “ಮೊನ್ನೆ ಮೇಸ್ತ್ರಿಗಳ ಬ್ರೆಡ್ಡು ಹೊತ್ಕೊಂಡು ಹೋದ ಕಳ್ಳನಾ?”

“ಅವನೇ!”

“ಆ ಶನೀನ ಓಡಿಸೋಕೆ ಅಂತ ಪೊರಕೆ ತಂದಿಟ್ಟಿದೀನಿ, ನೀನು ಗಾಜಲ್ಲಿ ಕೂರಿಸ್ತೀಯಾ!” ಮೇಸ್ತ್ರಿ ಗೊಣಗಿದರು.

ಫ್ಲೋರಿಯಾನ ಸಲಾಕೆಯ ತುದಿಗೆ ಜೇನಿನಂಥ ಗಾಜು ಸುತ್ತಿ ತಂದು ಕೂತಳು. ತಿರುಗಿಸುತ್ತ ತಿರುಗಿಸುತ್ತ ಹೊಟ್ಟೆ ಮೂಡಿತು, ಇಕ್ಕಳ ಚಿವುಟಿದಲ್ಲಿ ರೆಕ್ಕೆ ಎದ್ದಿತು. ಇನ್ನೇನು ಕುತ್ತಿಗೆ ಎಳೆಯಬೇಕು, ಮೇಸ್ತ್ರಿಗೆ ತಡೆಯಲಾಗಲಿಲ್ಲ. ಅವರ ಇಕ್ಕಳವೂ ನುಗ್ಗಿತು. ಒಂದೇ ಎಳೆತ, ಕುತ್ತಿಗೆ ಬಾಗಿತು. ಥೇಟ್ ಕುದುರೆಯದೇ!

“ಕೈ ತೆಗೀರಿ ಮೇಸ್ತ್ರೀ!”

ತುಲ್ಲಿಯೊನ ನಗು ನಿಂತುಹೋಯಿತು. ಆ ಕುಲುಮೆಮನೆಯಲ್ಲಿ ಮೇಸ್ತ್ರಿಗೆ ಇಂಥ ಮಾತು ಯಾರೂ ಆಡಿದ್ದಿಲ್ಲ.

“ಯಾರಿಗೆ ಹೇಳ್ತಿದೀಯ?”

“ನಿಮಗೇ. ಅದು ಹಕ್ಕಿ. ನೀವು ಮುಟ್ಟಿದ್ರೆ ಕುದುರೆ ಆಗುತ್ತೆ.”

ಹೇಳುವಾಗಲೂ ಅವಳ ಕೈಯಲ್ಲಿ ಸಲಾಕೆ ತಿರುಗುತ್ತಲೇ ಇತ್ತು. ಗಾಜನ್ನು ಮತ್ತೊಮ್ಮೆ ಕುಲುಮೆಗೆ ಹಿಡಿದು, ಮೆತ್ತಗಾಗಿಸಿ ತಂದಳು. ಮೇಸ್ತ್ರಿ ತಮ್ಮ ಇಕ್ಕಳವನ್ನೊಮ್ಮೆ ನೋಡಿದರು, ಕೆಳಗಿಟ್ಟರು. ಹಲಗೆಯನ್ನು ಬಕೆಟ್ಟಿನಲ್ಲಿ ಅದ್ದಿ ತಂದು ಅವಳ ಕೈಗೆ ಅಡ್ಡ ಹಿಡಿದು ನಿಂತರು.

ಅಷ್ಟರಲ್ಲಿ ಮೇಸ್ತ್ರಿ ಊಟದ ಬ್ರೆಡ್ಡು ಇಟ್ಟಿದ್ದ ಕಿಟಕಿಯ ಕಟ್ಟೆಯ ಮೇಲೆ ಧೊಪ್ಪೆಂದು ಸದ್ದು.

“ಮೇಸ್ತ್ರೀ, ನಿಮ್ಮ ಬ್ರೆಡ್ಡು! ಅವನೇ ಬಂದ!” ತುಲ್ಲಿಯೊ ಪೊರಕೆಗೆ ಓಡಿದ.

“ಪೊರಕೆ ಮುಟ್ಟಿದ್ರೆ ನಿನ್ನ ಕೈ ಮುರೀತೀನಿ! ಫ್ಲೋರಿಯಾನ, ಅದರ ಕುತ್ತಿಗೆ ನೋಡ್ಕೊಳ್ಳೇ, ಕುತ್ತಿಗೆ!”

ಅವಳು ನೋಡಿದಳು, ಹಾಗೆಯೇ ಗಾಜಿನ ಕುತ್ತಿಗೆ ಎಳೆದಳು. ಕಿಟಕಿಯಲ್ಲಿದ್ದ ಹಕ್ಕಿ ಕತ್ತು ನೀಳವಾಗಿ ಚಾಚಿ, ಮಾಂಸದ ಹೋಳಿಟ್ಟ ಬ್ರೆಡ್ಡನ್ನು ಕಾಗದದ ಸಮೇತ ಕಚ್ಚಿಕೊಂಡು ಕಾಲುವೆಯ ಮೇಲೆ ಹಾರಿಹೋಯಿತು. ಮೇಸ್ತ್ರಿ ಹಿಡಿದ ಹಲಗೆ ಅಲುಗಲಿಲ್ಲ.