ಗುಂಟೂರಿನ ಬ್ರದರ್

"ಬ್ರದರ್, ನಿಮ್ಮೂರು ಯಾವುದ್ರಿ?"

ಪಾದ್ರಿಗಳಾಗುವವರು ಓದುವ ಸೆಮಿನರಿಗೆ ಅಕ್ಕಿ ಒಯ್ಯುತ್ತಿದ್ದ, ಬೆನೆಡಿಕ್ಟೀನ್ ಕ್ರೈಸ್ತ ಸನ್ಯಾಸಿಗಳ ಮಠದ ಜೀಪನ್ನು ಪ್ರತ್ಯೇಕ ರಾಜ್ಯ ಕೇಳುತ್ತಿದ್ದ ತೆಲಂಗಾಣ ಹೋರಾಟಗಾರರು ಜಹೀರಾಬಾದಿನ ರಸ್ತೆಯಲ್ಲಿ ಕಲ್ಲು ಅಡ್ಡ ಇಟ್ಟು ತಡೆದಿದ್ದರು. ಬ್ರದರ್ ಸುಳ್ಳು ಹೇಳಿಬಿಡಲಿ ಎಂದು ಡ್ರೈವರ್ ಲಿಂಗರಾಜ ಮನಸ್ಸಿನಲ್ಲೇ ಬೇಡಿಕೊಂಡ. ಅನ್ಸೆಲ್ಮ್ ಬ್ರದರ್ ನಿಜವನ್ನೇ ಹೇಳಿದರು: "ಗುಂಟೂರು."

"ಆಂಧ್ರದಾಂವ! ಇಳಸ್ರಿ ಕೆಳಗ!" ಯಾರೋ ಅವರ ಬಿಳಿ ನಿಲುವಂಗಿಗೆ ಕೈ ಹಾಕಿ ಎಳೆದರು. ಹೊಲಿಗೆ ಬಿಚ್ಚಿದ ಸದ್ದು ಕೇಳಿಸಿತು.

ಮುಂದಾಳು ವೀರಪ್ಪ ಗುಂಪನ್ನು ಸರಿಸಿ ಹತ್ತಿರ ಬಂದ. "ರಾಜ್ಯ ಬ್ಯಾರೆ ಆದ್ರ ಗುಂಟೂರಿಗಿ ವಾಪಸ್ ಹೋಗ್ತೀರೇನು?"

"ಹೋಗಂಗಿಲ್ರಿ. ಸಾಯೂತನಕ ಇದೇ ಮಠದಾಗ ಇರ್ತೀನಂತ ದೇವರ ಮುಂದ ಆಣಿ ಮಾಡೀನಿ. ನನ್ನ ಮಣ್ಣು ಇಲ್ಲೇ ಆಗ್ತದ."

ವೀರಪ್ಪ ಯಾರಿಗೂ ಹೇಳದೆ ತಾನೇ ಬಗ್ಗಿ, ಜೀಪಿಗೆ ಅಡ್ಡವಿದ್ದ ಕಲ್ಲನ್ನು ಪಕ್ಕಕ್ಕೆ ಉರುಳಿಸಿದ.